ಬ್ಯಾಟರಿಯ ಜಿಪ್ಸಮ್ ಬೋರ್ಡ್ ಕಟ್ಟರ್ ಕೊಳ್ಳುವ ಮುನ್ನ: ಕರಾವಳಿಯ ಮನೆಗಳಿಗೆ ತಕ್ಕಂತೆ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿಯ ಕಡೆ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು ಈಗ ಹಂಚಿನ ಕೆಳಗೋ ತಾರಸಿಯ ಕೆಳಗೋ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸುತ್ತಾರೆ, ಉದ್ದನೆಯ ಚಾವಡಿಯನ್ನು ಬೋರ್ಡಿನ ಪಾರ್ಟಿಷನ್‌ನಿಂದ ಎರಡು ಕೋಣೆಗಳಾಗಿ ಮಾಡಿಸುತ್ತಾರೆ. ಬೋರ್ಡು ಕೂರಿಸುವ ಕೆಲಸ ಒಮ್ಮೆಗೆ ಮುಗಿಯುತ್ತದೆ. ಅದರಲ್ಲಿ ಕಿಂಡಿ ಕೊರೆಯುವ ಕೆಲಸ ಮಾತ್ರ ಗೃಹಪ್ರವೇಶದ ನಂತರವೂ ಮುಂದುವರಿಯುತ್ತದೆ. ಓದುವ ಮೇಜಿನ ಮೇಲೆ ಇನ್ನೊಂದು ದೀಪ ಬೇಕೆನಿಸುತ್ತದೆ, ಇಂಟರ್‌ನೆಟ್ ಪೆಟ್ಟಿಗೆಗೆ ವಯರು ಇಳಿಸಬೇಕಾಗುತ್ತದೆ, ಮಳೆಗಾಲದಲ್ಲಿ ಹಂಚು ಸೋರಿ ಕಲೆಬಿದ್ದ ತುಂಡನ್ನು ಚೌಕಾಕಾರವಾಗಿ ತೆಗೆದು ಹೊಸದನ್ನು ಕೂರಿಸಬೇಕಾಗುತ್ತದೆ. ಹೀಗಿರುವಾಗ ವಯರಿನ ಹಂಗಿಲ್ಲದ, ಬ್ಯಾಟರಿಯಿಂದ ನಡೆಯುವ ಕಟ್ಟರೊಂದನ್ನು ಕೊಂಡಿಟ್ಟುಕೊಂಡರೆ ಒಳ್ಳೆಯದಲ್ಲವೇ ಎಂಬ ಯೋಚನೆ ಬರುವುದು ಸಹಜ.

ಈ ಯಂತ್ರಗಳ ಪೆಟ್ಟಿಗೆಯ ಮೇಲೆ ಎದ್ದು ಕಾಣುವಂತೆ ಅಚ್ಚು ಹಾಕಿರುವುದು ಮೋಟಾರಿನ ವೇಗವನ್ನು, ಮತ್ತು ಹೆಚ್ಚಿನವರು ಒಂದಕ್ಕೊಂದು ಹೋಲಿಸಿ ನೋಡುವುದೂ ಅದನ್ನೇ. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಕೊನೆಗೆ ನೋಡಬೇಕಾದ ಸಂಖ್ಯೆ. ನಿಮ್ಮ ಮನೆಯಲ್ಲಿರುವುದು ಯಾವ ಬೋರ್ಡು, ಅದರ ಹಿಂದೆ ಏನು ಅಡಗಿದೆ, ಯಂತ್ರವನ್ನು ತಲೆಯ ಮೇಲೆ ಎಷ್ಟು ಹೊತ್ತು ಎತ್ತಿಹಿಡಿಯಬೇಕಾಗುತ್ತದೆ, ಬಿಟ್, ಅಂದರೆ ಯಂತ್ರದ ತುದಿಯಲ್ಲಿ ತಿರುಗುತ್ತಾ ಕತ್ತರಿಸುವ ಕಡ್ಡಿ, ಮುರಿದ ದಿನವೇ ಊರಿನ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆಯೇ ಎಂಬ ಪ್ರಶ್ನೆಗಳನ್ನು ಮೊದಲು ಮುಗಿಸಿಕೊಂಡರೆ ವೇಗದ ಪ್ರಶ್ನೆ ತಾನಾಗಿಯೇ ಚಿಕ್ಕದಾಗುತ್ತದೆ. ಮುಂದಿನ ಹೆಜ್ಜೆಗಳೂ ಅದೇ ಕ್ರಮದಲ್ಲಿವೆ.

ಮೊದಲ ಹೆಜ್ಜೆ: ಕತ್ತರಿಸಬೇಕಾದ ವಸ್ತುವನ್ನು ಗುರುತಿಸುವುದು

ನಮ್ಮಲ್ಲಿ ಸೀಲಿಂಗಿಗೂ ಪಾರ್ಟಿಷನ್ನಿಗೂ ಸಾಮಾನ್ಯವಾಗಿ ಬಳಸುವುದು 12.5 ಮಿ.ಮೀ. ದಪ್ಪದ, ಆರಡಿ ಉದ್ದ ನಾಲ್ಕಡಿ ಅಗಲದ ಜಿಪ್ಸಮ್ ಬೋರ್ಡು. ಒಳಗೆ ಜಿಪ್ಸಮ್ಮಿನ ತಿರುಳು, ಎರಡು ಮೈಗೂ ದಪ್ಪ ಕಾಗದ. ಬಚ್ಚಲುಮನೆ ಮತ್ತು ಅಡುಗೆಮನೆಯ ಕಡೆ ಹಸಿರು ಕಾಗದದ, ತೇವ ತಡೆಯುವ ಬೋರ್ಡು ಹಾಕಿರಬಹುದು. ಅದು ತೇವವನ್ನು ತಡೆದೀತೇ ಹೊರತು ಸೋರುವ ನೀರನ್ನಲ್ಲ. ಈ ಎರಡೂ ಬಗೆಯ ಬೋರ್ಡುಗಳನ್ನು ಇಲ್ಲಿ ಹೇಳುವ ಯಾವ ಯಂತ್ರವಾದರೂ ಕತ್ತರಿಸುತ್ತದೆ, ಏಕೆಂದರೆ ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಜಿಪ್ಸಮ್ಮಿನ ಸ್ಥಾನ ಕೇವಲ 2. ಉಗುರಿನಿಂದ ಗೀರಿದರೂ ಗೆರೆ ಮೂಡುವಷ್ಟು ಮೆದು.

ತೊಂದರೆ ಬರುವುದು ಬೋರ್ಡು ಜಿಪ್ಸಮ್ ಅಲ್ಲದಿದ್ದಾಗ. ಕರಾವಳಿಯ ತೇವಕ್ಕೆ ಹೆದರಿ ಹಲವರು ಸಿಮೆಂಟ್ ಫೈಬರ್ ಬೋರ್ಡನ್ನೋ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡನ್ನೋ ಹಾಕಿಸಿರುತ್ತಾರೆ, ಬಣ್ಣ ಬಳಿದ ಮೇಲೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಇವುಗಳಲ್ಲಿ ಇರುವ ಸ್ಫಟಿಕ ಸಿಲಿಕಾದ ಗಡಸುತನ ಅದೇ ಮಾಪಕದಲ್ಲಿ 7. ಜಿಪ್ಸಮ್ಮಿಗೆಂದು ಮಾಡಿದ ಸಾದಾ ಉಕ್ಕಿನ ಬಿಟ್ ಇಲ್ಲಿ ಬೇಗನೆ ಮೊಂಡಾಗುತ್ತದೆ, ಬಿಸಿಯಾಗಿ ನೀಲಿಗಟ್ಟುತ್ತದೆ, ಕೊನೆಗೆ ಮುರಿಯುತ್ತದೆ. ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಯಾವ ಬೋರ್ಡೆಂದು ತಿಳಿಯಲು ಈಗಾಗಲೇ ಇರುವ ಒಂದು ದೀಪವನ್ನು, ವಿದ್ಯುತ್ ಆಫ್ ಮಾಡಿ, ಕೆಳಗಿಳಿಸಿ ಕಿಂಡಿಯ ಅಂಚನ್ನು ನೋಡಿದರೆ ಸಾಕು. ಕಾಗದ, ಬಿಳಿಯ ಪುಡಿಪುಡಿ ತಿರುಳು, ಮತ್ತೆ ಕಾಗದ ಕಂಡರೆ ಜಿಪ್ಸಮ್. ಕಾಗದವೇ ಇಲ್ಲದೆ ಬೂದು ಅಥವಾ ಮಾಸಲು ಬಣ್ಣದ ಗಟ್ಟಿ ಅಂಚು ಕಂಡರೆ ಅದಕ್ಕೆ ಉಕ್ಕಿಗಿಂತ ಗಡಸಾದ ಕಾರ್ಬೈಡ್ ಹಲ್ಲಿನ ಸಾಧನ ಬೇಕು, ಮತ್ತು ಈ ಲೇಖನದ ಯಂತ್ರವನ್ನು ಅದಕ್ಕೆಂದೇ ಕೊಳ್ಳುವುದು ತರವಲ್ಲ.

ಹಳೆಯ ಮನೆಗಳ ಅಟ್ಟದ ಕೆಳಗೋ ಪಡಸಾಲೆಯ ಮಾಡಿಗೋ ಹೊಡೆದಿರುವ ಹಳೆಯ ಸಿಮೆಂಟ್ ಶೀಟುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ನಾರು ಇರುವ ಸಾಧ್ಯತೆ ಬಲವಾಗಿದೆ. ಅವನ್ನು ವೇಗವಾಗಿ ತಿರುಗುವ ಯಾವ ಯಂತ್ರದಿಂದಲೂ ಕತ್ತರಿಸಬಾರದು. ಈ ಮಾತಿಗೆ ವಿನಾಯಿತಿ ಇಲ್ಲ.

ಇನ್ನು ನಮ್ಮ ಗೋಡೆಗಳ ವಿಚಾರ. ಮುರಕಲ್ಲಿನ ಗೋಡೆಗೆ ಗಾರೆ ಹಾಕಿ ಬಣ್ಣ ಬಳಿದದ್ದೂ ಬೋರ್ಡಿನ ಪಾರ್ಟಿಷನ್ನೂ ಹೊರಗಿನಿಂದ ಒಂದೇ ರೀತಿ ಕಾಣಬಹುದು. ಬೆರಳ ಗೆಣ್ಣಿನಿಂದ ತಟ್ಟಿದರೆ ಬೋರ್ಡು ಟೊಳ್ಳಾಗಿ ಸದ್ದು ಮಾಡುತ್ತದೆ, ಕಲ್ಲು ಮಾಡುವುದಿಲ್ಲ. ಮನೆಯಲ್ಲಿ ಬೋರ್ಡು ಇರುವುದು ಸೀಲಿಂಗಿನಲ್ಲಿ ಮಾತ್ರ, ಸ್ವಿಚ್ ಪೆಟ್ಟಿಗೆಗಳೆಲ್ಲ ಕಲ್ಲಿನ ಗೋಡೆಯಲ್ಲೇ ಎಂದಾದರೆ, ನಿಮಗೆ ಬೇಕಿರುವುದು ಬಹುಶಃ ಬೇರೆಯೇ ಯಂತ್ರ.

ಎರಡನೆಯ ಹೆಜ್ಜೆ: ಯಂತ್ರವೇ ಬೇಕೇ ಎಂದು ಕೇಳಿಕೊಳ್ಳುವುದು

ಒಂದೆರಡು ಕಿಂಡಿಗಳಿಗೆ ಚೂಪು ಮೊನೆಯ ಕೈಗರಗಸ ಧಾರಾಳವಾಗಿ ಸಾಕು. ಅದರ ಧೂಳು ದಪ್ಪನಾದ ಕಣಗಳಾಗಿ ಕೆಳಗೆ ಬೀಳುತ್ತದೆಯೇ ಹೊರತು ಗಾಳಿಯಲ್ಲಿ ತೇಲುವುದಿಲ್ಲ; ಹಿಂದೆ ವಯರು ತಾಗಿದರೆ ಕೈಗೆ ಗೊತ್ತಾಗುತ್ತದೆ. ಎಲ್‌ಇಡಿ ದೀಪದ ದುಂಡು ಕಿಂಡಿಗಳನ್ನು ಮಾತ್ರ ಕೊರೆಯುವುದಿದ್ದರೆ, ದೀಪದ ಪೆಟ್ಟಿಗೆಯ ಮೇಲೆ ಬರೆದಿರುವ ಕಟ್‌ಔಟ್ ಅಳತೆಯ ಹೋಲ್ ಸಾ (ಬಟ್ಟಲಿನಾಕಾರದ ದುಂಡು ಗರಗಸ) ತಂದು, ಮನೆಯಲ್ಲಿರುವ ಡ್ರಿಲ್ ಮೆಷಿನ್ನಿಗೇ ಹಾಕಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಈ ಲೇಖನ ಓದುವವರಲ್ಲಿ ಅರ್ಧಕ್ಕರ್ಧ ಜನರ ಅಗತ್ಯ ಇಲ್ಲಿಗೇ ಮುಗಿಯುತ್ತದೆ.

ಬೇರೆಬೇರೆ ಅಳತೆಯ ಕಿಂಡಿಗಳು, ಎಸಿ ಗ್ರಿಲ್ಲಿನಂಥ ಉದ್ದನೆಯ ಆಯತಗಳು, ಸೋರಿದ ತುಂಡುಗಳನ್ನು ಬದಲಿಸುವ ಕೆಲಸ ಎಲ್ಲವೂ ಇದ್ದಾಗ ಯಂತ್ರಕ್ಕೆ ಅರ್ಥ ಬರುತ್ತದೆ. ಬ್ಯಾಟರಿಯ ಯಂತ್ರಗಳಲ್ಲಿ ಮೂರು ಬಗೆಯವು ಈ ಕೆಲಸಕ್ಕೆ ಒದಗುತ್ತವೆ. ತೆಳುವಾದ ಸುರುಳಿ ಬಿಟ್ಟನ್ನು ನಿಮಿಷಕ್ಕೆ ಮೂವತ್ತು ಸಾವಿರದ ಆಸುಪಾಸು ಸುತ್ತು ತಿರುಗಿಸುವ ಕಟ್ಔಟ್ ಕಟ್ಟರ್ ಎಲ್ಲಕ್ಕಿಂತ ವೇಗದ್ದು, ಎಲ್ಲಕ್ಕಿಂತ ಧೂಳಿನದ್ದು. ಚಪ್ಪಟೆ ಬ್ಲೇಡನ್ನು ಕೆಲವೇ ಡಿಗ್ರಿಗಳಷ್ಟು ಅತ್ತಿತ್ತ ಕಂಪಿಸುವ ಮಲ್ಟಿಟೂಲ್ ನಿಧಾನ, ಆದರೆ ಮೂಲೆಗಳನ್ನು ನೇರವಾಗಿ ತೆಗೆಯುತ್ತದೆ ಮತ್ತು ಮರ, ಪ್ಲಾಸ್ಟಿಕ್ ಪೈಪು, ಮೊಳೆಗಳಿಗೂ ಬಳಕೆಯಾಗುತ್ತದೆ. ಚಿಕ್ಕ ಗರಗಸವನ್ನು ಹಿಂದೆ ಮುಂದೆ ಓಡಿಸಿ ಧೂಳನ್ನು ತನ್ನದೇ ಡಬ್ಬಿಗೆ ಎಳೆದುಕೊಳ್ಳುವ ಮೂರನೆಯ ಬಗೆಯೂ ಇದೆ. ಜನ ವಾಸವಾಗಿರುವ ಮನೆಗೆ ಅದು ಒಳ್ಳೆಯದು, ಆದರೆ ನಮ್ಮ ಅಂಗಡಿಗಳ ಕಪಾಟಿನಲ್ಲಿ ಕಾಣಸಿಗುವುದು ಕಡಿಮೆ. ಇನ್ನು ಮುಂದೆ ಮುಖ್ಯವಾಗಿ ಮೊದಲನೆಯ ಬಗೆಯನ್ನೇ ಕುರಿತು ಬರೆಯುತ್ತೇನೆ, ಏಕೆಂದರೆ ಕೊಳ್ಳುವಾಗ ಎಡವುವುದು ಅಲ್ಲೇ ಹೆಚ್ಚು.

ಮೂರನೆಯ ಹೆಜ್ಜೆ: ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ಓದುವುದು

ಮಕಿಟಾದ ಡಿಸಿಒ181 ಯಂತ್ರದ ಗರಿಷ್ಠ ವೇಗ ನಿಮಿಷಕ್ಕೆ 32,000 ಸುತ್ತು, ಬಾಷ್ ಜಿಸಿಯು 18ವಿ-30ಯದ್ದು 30,000, ಡಿವಾಲ್ಟ್ ಡಿಸಿಎಸ್551ರದ್ದು 26,000. ಕೇಳಲು ದೊಡ್ಡ ವ್ಯತ್ಯಾಸ. ಆದರೆ ಬೋರ್ಡಿಗೆ ತಾಗುವುದು 3.18 ಮಿ.ಮೀ. ದಪ್ಪದ, ಅಂದರೆ ಒಂದು ಅಂಗುಲದ ಎಂಟನೆಯ ಒಂದು ಭಾಗದಷ್ಟಿರುವ ಬಿಟ್ಟಿನ ಅಂಚು. ಅದರ ಸುತ್ತಳತೆ ಸುಮಾರು 10 ಮಿ.ಮೀ.; ಮೂವತ್ತು ಸಾವಿರ ಸುತ್ತಿನಲ್ಲಿ ಆ ಅಂಚು ಸೆಕೆಂಡಿಗೆ 5 ಮೀಟರ್ ಓಡುತ್ತದೆ, 26,000ದಲ್ಲಿ ಸುಮಾರು 4.3 ಮೀಟರ್, 32,000ದಲ್ಲಿ ಸುಮಾರು 5.3 ಮೀಟರ್. ಜಿಪ್ಸಮ್ಮಿನಷ್ಟು ಮೆದುವಾದ ವಸ್ತುವಿನಲ್ಲಿ ಈ ಅಂತರ ಕೈಗೆ ತಿಳಿಯುವುದೇ ಇಲ್ಲ. ಗಮನಿಸಬೇಕಾದ್ದು ಬಿಟ್ ಬೋರ್ಡಿನೊಳಗೆ ಇಳಿದ ಮೇಲೆ ವೇಗ ಕುಸಿಯುತ್ತದೆಯೇ ಎಂಬುದನ್ನು. ಅದನ್ನು ಪೆಟ್ಟಿಗೆ ಹೇಳುವುದಿಲ್ಲ.

ವೋಲ್ಟೇಜಿನ ವಿಷಯದಲ್ಲಿಯೂ ಇಂಥದೇ ಒಂದು ಗೊಂದಲವಿದೆ. ಕೆಲವರು 18 ವೋಲ್ಟ್ ಎಂದು ಬರೆಯುತ್ತಾರೆ, ಕೆಲವರು 20 ವೋಲ್ಟ್ ಮ್ಯಾಕ್ಸ್ ಎಂದು. ಎರಡರ ಒಳಗೂ ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್ಲುಗಳೇ ಇರುವುದು. ಪ್ರತಿ ಸೆಲ್ಲಿಗೆ 3.6 ವೋಲ್ಟಿನ ಲೆಕ್ಕ ಹಿಡಿದರೆ 18, ಪೂರ್ತಿ ಚಾರ್ಜಾದಾಗಿನ ಲೆಕ್ಕ ಹಿಡಿದರೆ 20. ಅಂಗಡಿಯವರು ಎರಡು ವೋಲ್ಟ್ ಹೆಚ್ಚೆಂದು ದರ ಹೆಚ್ಚಿಸಿದರೆ ನಕ್ಕು ಸುಮ್ಮನಾಗಬಹುದು.

ಬ್ಯಾಟರಿ ಎಷ್ಟು ಚಾರ್ಜು ಹಿಡಿಯುತ್ತದೆಂದು ಹೇಳುವ ಆಂಪಿಯರ್-ಅವರ್ ಸಂಖ್ಯೆ ಮಾತ್ರ ನಿಜವಾಗಿಯೂ ಮುಖ್ಯ, ಅದೂ ನಾವು ಎಣಿಸಿದ್ದಕ್ಕೆ ವಿರುದ್ಧ ಕಾರಣಕ್ಕೆ. 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಒಂದೇ ಸಾಲು ಸೆಲ್ಲುಗಳಿರುವುದರಿಂದ ಅದು ಹಗುರ. 5 ಆಂಪಿಯರ್-ಅವರಿನದರಲ್ಲಿ ಎರಡು ಸಾಲು, ತೂಕ ಬಹುತೇಕ ಅರ್ಧ ಪಟ್ಟು ಹೆಚ್ಚು ಅಥವಾ ಅದಕ್ಕೂ ಮೇಲೆ. ಸೀಲಿಂಗಿನಲ್ಲಿ ಕೆಲಸ ಮಾಡುವವನಿಗೆ ಈ ತೂಕವೇ ಶತ್ರು. ಜಿಪ್ಸಮ್ ಕತ್ತರಿಸುವುದಕ್ಕೆ ಹೆಚ್ಚು ಶಕ್ತಿ ಬೇಡವಾದ್ದರಿಂದ ದೊಡ್ಡ ಬ್ಯಾಟರಿ ಒಂದರ ಬದಲು ಸಣ್ಣವು ಎರಡಿದ್ದರೆ ಕೆಲಸ ಸಲೀಸು.

ನಮ್ಮ ಊರುಗಳಲ್ಲಿ ಬಂಧುಗಳು ಹೊರದೇಶದಿಂದ ಯಂತ್ರ ತರುವುದು ಸಾಮಾನ್ಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದ ಚಾರ್ಜರ್ 120 ವೋಲ್ಟಿನದ್ದಾದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ. ದುಬೈಯ ಚಾರ್ಜರಿನಲ್ಲಿ ಆ ತೊಂದರೆಯಿಲ್ಲ, ಪ್ಲಗ್ಗು ಮಾತ್ರ ಬೇರೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ತರಬೇಕು, ಕೆಳಗೆ ಹಾಕುವ ಸಾಮಾನಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ (ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದಾಗ ಬರುವ ಸಂಖ್ಯೆ) ಒಳಗಿನವಕ್ಕೆ ಅನುಮತಿ ಕೇಳಬೇಕಾಗಿಲ್ಲ, 100ರಿಂದ 160ರ ನಡುವಿನವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿ 90 ವ್ಯಾಟ್-ಅವರ್ ಆಗುವುದರಿಂದ ಸಲ್ಲುತ್ತದೆ, 6ರದ್ದು 108 ಆಗಿ ಗಡಿ ದಾಟುತ್ತದೆ. ತಂದುಕೊಡುವವರಿಗೆ ಇದನ್ನು ಮುಂಚಿತವಾಗಿ ತಿಳಿಸುವುದು ಲೇಸು. ಹೊರಗಿನಿಂದ ಬಂದ ಯಂತ್ರಕ್ಕೆ ಇಲ್ಲಿನ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ನಡೆಯುತ್ತದೆಯೇ ಎಂಬುದನ್ನೂ ಕೇಳಿಯೇ ತರಿಸಬೇಕು.

ನಾಲ್ಕನೆಯ ಹೆಜ್ಜೆ: ಅಂಗಡಿಯ ಮೇಜಿನ ಮೇಲೆ

ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಉಡುಪಿಯಲ್ಲಾಗಲಿ, ಯಂತ್ರವನ್ನು ಬ್ಯಾಟರಿ ಸಿಕ್ಕಿಸಿಯೇ ಕೈಗೆ ಕೊಡುವಂತೆ ಕೇಳಿ. ಬರಿಯ ಯಂತ್ರ ಹಗುರವಾಗಿಯೇ ಇರುತ್ತದೆ. ಒಂದು ಕೈಯಲ್ಲಿ ಹಿಡಿದು ತೋಳನ್ನು ತಲೆಯ ಮೇಲೆ ಚಾಚಿ, ಅಂಗಡಿಯವರೊಡನೆ ವಾರಂಟಿಯ ಮಾತು ಮುಗಿಯುವವರೆಗೂ ಹಾಗೆಯೇ ಹಿಡಿದಿರಿ. ಅಷ್ಟರಲ್ಲಿ ಭುಜ ನಿಮಗೆ ಉತ್ತರ ಕೊಟ್ಟಿರುತ್ತದೆ.

ಬಳಿಕ ಬ್ಯಾಟರಿ ತೆಗೆದು ಬಿಟ್ ಹಿಡಿಯುವ ಕಾಲೆಟ್ಟನ್ನು ಬಿಚ್ಚಿ ನೋಡಿ. 3.18 ಮತ್ತು 6.35 ಮಿ.ಮೀ. ಎರಡೂ ಅಳತೆಯ ಕಾಲೆಟ್ಟುಗಳು ಪೆಟ್ಟಿಗೆಯಲ್ಲಿದ್ದರೆ ಒಳ್ಳೆಯದು. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಕೆಲವು ಬಿಟ್ಟುಗಳ ಹಿಡಿಕೆ ಮಿಲಿಮೀಟರ್ ಲೆಕ್ಕದ 3 ಅಥವಾ 6 ಆಗಿರುತ್ತದೆ. ಅವು ಅಂಗುಲದ ಕಾಲೆಟ್ಟಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಸಡಿಲವಾದ ಬಿಟ್ ಆ ವೇಗದಲ್ಲಿ ಹೊರಕ್ಕೆ ಜಾರುತ್ತದೆ. ಆಳ ಹೊಂದಿಸುವ ಬೇಸ್ ಪ್ಲೇಟನ್ನು ಬಿಗಿಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಾಡಿದರೆ ಆ ಯಂತ್ರ ಬೇಡ. ಸ್ವಿಚ್ಚು ಒತ್ತಿ ಬಿಟ್ಟರೂ ಓಡುತ್ತಲೇ ಇರುವ ಜಾತಿಯದಾದರೆ, ಏಣಿಯಿಂದ ಜಾರಿಬಿದ್ದ ಯಂತ್ರ ನೆಲದಲ್ಲಿಯೂ ಓಡುತ್ತಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು, ಬೆರಳಿಗೆ ಆ ಸ್ವಿಚ್ಚು ಕತ್ತಲಲ್ಲಿಯೂ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಮೋಟಾರಿಗೆ ಗಾಳಿ ಹೋಗುವ ಸೀಳುಗಳಿಗೆ ಕಳಚಿ ತೊಳೆಯಬಹುದಾದ ಜಾಳಿಗೆಯಿದ್ದರೆ ನಮ್ಮ ಹವೆಯಲ್ಲಿ ಅದು ದೊಡ್ಡ ವರ. ಕಾರಣವನ್ನು ಮುಂದೆ ಹೇಳುತ್ತೇನೆ.

ಐದನೆಯ ಹೆಜ್ಜೆ: ಪರೀಕ್ಷೆಯ ಕಟಾವು

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಫಾಲ್ಸ್ ಸೀಲಿಂಗ್ ಕೆಲಸ ನಡೆಯುತ್ತಿರುವ ಯಾವ ಮನೆಯ ಅಂಗಳದಲ್ಲಿಯೂ ಬೋರ್ಡಿನ ತುಂಡುಗಳು ಬಿದ್ದಿರುತ್ತವೆ. ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಎರಡಡಿ ಚೌಕದ ಒಣ ತುಂಡೊಂದನ್ನು ಆರಿಸಿ. ಮಳೆಗೆ ನೆನೆದದ್ದು ಬೇಡ, ನೆನೆದ ಕಾಗದ ಯಾವ ಯಂತ್ರಕ್ಕೂ ಹರಿದೇ ಬರುತ್ತದೆ. ಅಂಗಡಿಯಲ್ಲಿ ಕತ್ತರಿಸಲು ಬಿಡದಿದ್ದರೆ, ಅದೇ ಯಂತ್ರವಿರುವ ಸೀಲಿಂಗ್ ಕೆಲಸಗಾರರಲ್ಲಿ ಕೇಳಿ ನೋಡಬಹುದು, ಅಥವಾ ಬಾಡಿಗೆಗೆ ಸಿಕ್ಕಿದರೆ ಒಂದು ದಿನಕ್ಕೆ ತರಬಹುದು.

ತುಂಡಿನ ಮೇಲೆ ಪೆನ್ಸಿಲಿನಿಂದ ಒಂದಡಿ ಉದ್ದದ ನೇರ ಗೆರೆ, ನಾಲ್ಕಂಗುಲದ ಒಂದು ಚೌಕ ಮತ್ತು ಒಂದು ದುಂಡು ಗೀಚಿಕೊಳ್ಳಿ. ತುಂಡನ್ನು ಎರಡು ಕಲ್ಲುಗಳ ಮೇಲೆ, ಕೆಳಗೆ ಟೊಳ್ಳಿರುವಂತೆ ಇರಿಸಿ. ಬಿಟ್ ಬೇಸ್ ಪ್ಲೇಟಿನಿಂದ ಸುಮಾರು 15ರಿಂದ 16 ಮಿ.ಮೀ. ಹೊರಗಿರಲಿ, ಬೋರ್ಡಿನ ದಪ್ಪಕ್ಕಿಂತ ಸುಮಾರು 3 ಮಿ.ಮೀ. ಹೆಚ್ಚು, ಅದಕ್ಕೂ ಮಿಗಿಲಾಗಿ ಬೇಡ. ಬಿಟ್ಟಿನ ಸುರುಳಿ ಭಾಗ ಕಾಲೆಟ್ಟಿನ ಬಾಯೊಳಗೆ ಹೋಗಿರಬಾರದು, ನುಣುಪಾದ ಹಿಡಿಕೆಯನ್ನು ಮಾತ್ರ ಕಾಲೆಟ್ ಕಚ್ಚಬೇಕು.

ಯಂತ್ರ ಪೂರ್ತಿ ವೇಗಕ್ಕೆ ಬಂದ ಮೇಲೆ ಸ್ವಲ್ಪ ಓರೆಯಾಗಿ ಹಿಡಿದು ಬಿಟ್ಟನ್ನು ಇಳಿಸಿ, ನಿಧಾನವಾಗಿ ನೆಟ್ಟಗೆ ತನ್ನಿ. ಬೇಸ್ ಪ್ಲೇಟ್ ಕಾಗದಕ್ಕೆ ಪೂರ್ತಿ ಕುಳಿತ ಮೇಲೆ ಗೆರೆಯುದ್ದಕ್ಕೂ ಸಾಗಿ. ಈಗ ಕಿವಿಗೊಡಿ. ಮೋಟಾರಿನ ಕೀರಲು ಸದ್ದು ಬಿಟ್ ಇಳಿದಾಗ ಒಂದಿಷ್ಟು ತಗ್ಗಿ ಅಲ್ಲೇ ನಿಂತರೆ ಯಂತ್ರಕ್ಕೆ ದಮ್ಮಿದೆ. ಸಾಗಿದಂತೆಲ್ಲ ಸದ್ದು ಇಳಿಯುತ್ತಲೇ ಹೋಗಿ ನೀವು ಕಾಯಬೇಕಾಗಿ ಬಂದರೆ ದಮ್ಮಿಲ್ಲ. ಒತ್ತಿ ತಳ್ಳಿ ನೋಡುವ ಆಸೆ ಬೇಡ, ಈ ಬಿಟ್ಟುಗಳು ಮುರಿಯುವುದು ಬಹುಪಾಲು ಪಕ್ಕಕ್ಕೆ ಬೀಳುವ ಒತ್ತಡದಿಂದಲೇ.

ಗೆರೆ ಮುಗಿದ ಮೇಲೆ ಅಂಚನ್ನು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಕಟಾವಿನಲ್ಲಿ ಮೇಲಿನ ಕಾಗದದ ಅಂಚು ಚಾಕುವಿನಿಂದ ಕೊಯ್ದಂತೆ ನೇರವಾಗಿ ನಿಂತಿರುತ್ತದೆ, ತಿರುಳಿನಲ್ಲಿ ಅತ್ಯಂತ ಸಣ್ಣ ಓರೆ ಗೀರುಗಳು ಒಂದೇ ಅಂತರದಲ್ಲಿ ಕಾಣುತ್ತವೆ, ಹಿಂಬದಿಯ ಕಾಗದದಲ್ಲಿ ಮಾತ್ರ ಒಂದಿಷ್ಟು ನಾರು ಎದ್ದಿರುತ್ತದೆ. ಉಗುರಿನಿಂದ ಮೇಲಿನ ಕಾಗದವನ್ನು ಹೊರಗಿನಿಂದ ಒಳಕ್ಕೆ ಸವರಿದಾಗ ಅದು ತಿರುಳಿನಿಂದ ಬಿಟ್ಟು ಎದ್ದು ಬಂದರೆ, ಬಿಟ್ ಮೊಂಡಾಗಿದೆ ಅಥವಾ ಕಾಲೆಟ್ಟಿನಲ್ಲಿ ಅಲುಗಾಡುತ್ತಿದೆ ಎಂದು ತಿಳಿಯಬೇಕು. ಹೊಸ ಬಿಟ್ ಹಾಕಿದ ಮೇಲೂ ಹಾಗೆಯೇ ಆದರೆ ದೋಷ ಯಂತ್ರದ್ದು. ಕಟಾವಿನ ಅಗಲವನ್ನೂ ಅಳೆಯಿರಿ. ಬಿಟ್ಟಿನ ದಪ್ಪಕ್ಕಿಂತ ತುಸು ಹೆಚ್ಚಿರುವುದು ಸರಿ, ಗೆರೆಯ ಒಂದು ಕಡೆ ಮೂರು, ಇನ್ನೊಂದು ಕಡೆ ಐದು ಮಿಲಿಮೀಟರ್ ಆಗಿದ್ದರೆ ತಿರುಗುವ ಕಂಬಿ ಅಲುಗಾಡುತ್ತಿದೆ.

ಚೌಕಕ್ಕೆ ಬಂದಾಗ ದಿಕ್ಕಿನ ವಿಷಯ ಮುಖ್ಯವಾಗುತ್ತದೆ. ಹಿಡಿದವರ ಕಡೆಯಿಂದ ನೋಡಿದರೆ ಬಿಟ್ ತಿರುಗುವುದು ಪ್ರದಕ್ಷಿಣೆಯಾಗಿ. ಗೆರೆ ನೋಡಿಕೊಂಡು ಕೈಯಾರೆ ಕಿಂಡಿ ಕೊರೆಯುವಾಗ ನಾವೂ ಪ್ರದಕ್ಷಿಣೆಯಾಗಿಯೇ ಸಾಗಬೇಕು. ಮೊದಲೇ ಕೂರಿಸಿದ ಕಬ್ಬಿಣದ ಸ್ವಿಚ್ ಪೆಟ್ಟಿಗೆಯ ಮೇಲೆ ಬೋರ್ಡು ಹೊದಿಸಿ, ಪೆಟ್ಟಿಗೆಯ ಹೊರ ಅಂಚನ್ನೇ ಆಸರೆಯಾಗಿ ಹಿಡಿದು ಕೊರೆಯುವಾಗ ಅಪ್ರದಕ್ಷಿಣೆಯಾಗಿ ಸಾಗಬೇಕು; ಆಗ ಬಿಟ್ ತಾನಾಗಿ ಪೆಟ್ಟಿಗೆಗೆ ಅಂಟಿಕೊಂಡು ಹೋಗುತ್ತದೆ. ದಿಕ್ಕು ತಪ್ಪಿದರೆ ಅದು ಪೆಟ್ಟಿಗೆಯಿಂದ ದೂರ ಎಳೆದು ಬೋರ್ಡಿನೊಳಕ್ಕೆ ಅಲೆಯುತ್ತದೆ, ಕಿಂಡಿಯ ಗಾಯ ಸ್ವಿಚ್ಚಿನ ಪ್ಲೇಟಿನಿಂದ ಹೊರಗೆ ಕಾಣುತ್ತದೆ. ತುದಿಯಲ್ಲಿ ಹಲ್ಲಿಲ್ಲದೆ ನುಣುಪಾಗಿರುವ ಬಿಟ್ಟನ್ನೇ ಈ ಕೆಲಸಕ್ಕೆ ಬಳಸಬೇಕು. ಪ್ಲಾಸ್ಟಿಕ್ ಪೆಟ್ಟಿಗೆಯಾದರೆ ಹಲ್ಲಿನ ಬಿಟ್ ಪೆಟ್ಟಿಗೆಯನ್ನೂ ಸೇರಿಸಿ ಕತ್ತರಿಸಿಬಿಡುತ್ತದೆ.

ವಿದೇಶದ ವಿಮರ್ಶೆಗಳಲ್ಲಿ ಈ ಯಂತ್ರಗಳನ್ನು ಹೊಗಳುವುದು ಮುಖ್ಯವಾಗಿ ಆ ಪೆಟ್ಟಿಗೆ ಸುತ್ತುವ ಕೆಲಸಕ್ಕೆ. ನಾನು ನೋಡಿದ ಹೆಚ್ಚಿನ ದುರಸ್ತಿ ಕೆಲಸಗಳಲ್ಲಿ ಬೋರ್ಡು ಮೊದಲೇ ಇರುತ್ತದೆ, ಪೆಟ್ಟಿಗೆ ಆಮೇಲೆ ಬರುತ್ತದೆ. ಆದ್ದರಿಂದ ಕೈಯಾರೆ ಕೊರೆದ ಚೌಕ ಎಷ್ಟು ನೇರ ಬಂತು ಎಂಬುದಕ್ಕೇ ಹೆಚ್ಚು ಅಂಕ ಕೊಡಬೇಕು. ಮೂಲೆಗಳು ಸ್ವಲ್ಪ ದುಂಡಗಾಗುವುದು ಸುರುಳಿ ಬಿಟ್ಟಿನ ಸ್ವಭಾವ. ಕೈಗರಗಸದಿಂದ ಒಂದೆರಡು ಎಳೆತ ಎಳೆದರೆ ಸರಿಯಾಗುತ್ತದೆ.

ಕೊನೆಗೆ ಬೋರ್ಡನ್ನು ಇಬ್ಬರು ತಲೆಯ ಮೇಲೆ ಹಿಡಿಯುವಂತೆ ಮಾಡಿ ದುಂಡನ್ನು ಕೆಳಗಿನಿಂದ ಕೊರೆಯಿರಿ, ಕನ್ನಡಕ ಮತ್ತು ಮಾಸ್ಕ್ ಇಲ್ಲದೆ ಖಂಡಿತ ಬೇಡ. ಹಿಡಿದವರ ಬೆರಳುಗಳು ಕಟಾವಿನ ಗೆರೆಯಿಂದ ದೂರ, ಬೋರ್ಡಿನ ಅಂಚಿನಲ್ಲೇ ಇರಲಿ. ದುಂಡು ಕೊರೆಯುವ ಕೈವಾರದಂಥ ಜೋಡಣೆ ಯಂತ್ರದೊಂದಿಗೆ ಬಂದಿದ್ದರೆ ಅದನ್ನು ಬಳಸಿಯೇ ನೋಡಿ. ಧೂಳು ಎತ್ತ ಹಾರುತ್ತದೆ, ಗೆರೆ ಕಾಣುತ್ತದೆಯೇ, ಯಂತ್ರದ ದೀಪ ಬಿಟ್ಟಿನ ಬುಡಕ್ಕೆ ಬೀಳುತ್ತದೆಯೇ ಅಥವಾ ಧೂಳಿನ ಮೋಡವನ್ನು ಬೆಳಗಿಸುತ್ತದೆಯೇ ಎಂಬುದು ಮೇಜಿನ ಮೇಲೆ ತಿಳಿಯುವುದಿಲ್ಲ.

ಆರನೆಯ ಹೆಜ್ಜೆ: ಬೋರ್ಡಿನ ಹಿಂದಿರುವುದರ ಲೆಕ್ಕ

ಮನೆಯ ಸೀಲಿಂಗಿಗೆ ಯಂತ್ರ ಮುಟ್ಟಿಸುವ ಮೊದಲು ಒಳಗಿನ ಜಿಐ ಚಾನಲ್ಲುಗಳು (ಬೋರ್ಡನ್ನು ಸ್ಕ್ರೂ ಮಾಡಿರುವ, ಸತುವಿನ ಲೇಪದ ತಗಡಿನ ಪಟ್ಟಿಗಳು) ಎಲ್ಲಿವೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಬೋರ್ಡನ್ನು ಹಿಡಿದಿರುವ ಸೆಕ್ಷನ್ನುಗಳು ಸುಮಾರು 450 ಮಿ.ಮೀ. ಅಂತರದಲ್ಲಿರುತ್ತವೆ. ಬಲವಾದ ಸಣ್ಣ ಆಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಸೀಲಿಂಗಿನ ಮೇಲೆ ಸವರಿದರೆ ಸ್ಕ್ರೂ ಇರುವ ಕಡೆ ಅದು ಕಚ್ಚುತ್ತದೆ. ಆ ಸಾಲೇ ಚಾನಲ್ಲಿನ ಸಾಲು. ತಗಡಿಗೆ ತಾಗಿದ ಕೂಡಲೇ ಸುರುಳಿ ಬಿಟ್ ಮುರಿಯುವುದು ಅಪರೂಪವಲ್ಲ.

ವಿದ್ಯುತ್ತಿನ ವಿಚಾರದಲ್ಲಿ ನಮ್ಮ ಮನೆಗಳಿಗೆ ವಿಶೇಷವಾದ ಅಪಾಯವೊಂದಿದೆ. ಮೆಸ್ಕಾಂ ಕರೆಂಟು ಹೋಗಿರುವಾಗ, ಅಥವಾ ಮೇನ್ ಸ್ವಿಚ್ಚನ್ನು ನೀವೇ ಇಳಿಸಿದಾಗಲೂ, ಇನ್ವರ್ಟರಿನ ಲೈನು ಜೀವಂತವಾಗಿರುತ್ತದೆ. ಸೀಲಿಂಗಿನ ದೀಪಗಳು ಬಹುತೇಕ ಅದೇ ಲೈನಿನಲ್ಲಿರುತ್ತವೆ. ಮೇನ್ ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿ, ಟೆಸ್ಟರಿನಿಂದ ನೋಡಿದ ಮೇಲೆಯೇ ಕೆಲಸ ಶುರುಮಾಡಬೇಕು. ಬ್ಯಾಟರಿ ಯಂತ್ರದ ದೊಡ್ಡ ಅನುಕೂಲವೇ ಇದು: ಇಡೀ ಮನೆಯ ವಿದ್ಯುತ್ತನ್ನು ನಿಲ್ಲಿಸಿಯೂ ಅದು ನಡೆಯುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಸೀಲಿಂಗಿನ ಮೇಲೆ ಪೈಪಿಲ್ಲದೆ ಬಿದ್ದುಕೊಂಡ ವಯರುಗಳು ನೇರವಾಗಿ ಬೋರ್ಡಿನ ಬೆನ್ನಿಗೇ ತಾಗಿರಬಹುದಾದ್ದರಿಂದ, ಕೈಗರಗಸದಿಂದ ಮೊದಲು ಬೆರಳು ತೂರುವಷ್ಟು ತೂತು ಮಾಡಿ, ಟಾರ್ಚ್ ಹಾಕಿ ನೋಡಿ, ಆಮೇಲೆ ಯಂತ್ರ ಎತ್ತುವುದು ಒಳ್ಳೆಯದು. ಆಳವನ್ನು ಬೋರ್ಡಿಗಿಂತ ಮೂರೇ ಮಿಲಿಮೀಟರ್ ಹೆಚ್ಚಿಗೆ ಇಡಬೇಕೆಂದು ಹೇಳಿದ್ದಕ್ಕೂ ಇದೇ ಕಾರಣ.

ಏಳನೆಯ ಹೆಜ್ಜೆ: ಧೂಳು ಮತ್ತು ಕರಾವಳಿಯ ಹವೆ

ಸುರುಳಿ ಬಿಟ್ ಎಬ್ಬಿಸುವ ಜಿಪ್ಸಮ್ ಧೂಳು ಗೋಧಿಹಿಟ್ಟಿನಷ್ಟು ನಯ. ಫ್ಯಾನು, ಎಸಿ ಎರಡನ್ನೂ ನಿಲ್ಲಿಸದಿದ್ದರೆ ಅದು ಪಕ್ಕದ ಕೋಣೆಯ ಹಾಸಿಗೆಯವರೆಗೂ ತಲುಪುತ್ತದೆ. ಬಟ್ಟೆಯ ಮಾಸ್ಕ್ ಸಾಲದು; ಐಎಸ್ 9473 ಎಂಬ ಭಾರತೀಯ ಮಾನಕದ ಗುರುತಿನ, ನಯವಾದ ಧೂಳನ್ನು ಸೋಸುವ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್ ಬೇಕು. ಯಂತ್ರಕ್ಕೆ ವ್ಯಾಕ್ಯೂಮ್ ಕೊಳವೆ ಸಿಕ್ಕಿಸುವ ಜೋಡಣೆ ಇದೆಯೇ, ಅದರ ಬಾಯಿಯ ಅಳತೆ ನಿಮ್ಮ ಮನೆಯ ವ್ಯಾಕ್ಯೂಮಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಮಾಡುಗಳು ಉಸಿರಾಡುವ ಮಾಡುಗಳೇ. ಹಂಚುಗಳ ಸಂದಿಯಿಂದ ಬಂದ ತೇವದ ಗಾಳಿ ಸೀಲಿಂಗಿನ ಮೇಲೆ ನಿಂತಿರುತ್ತದೆ. ಯಂತ್ರದ ಒಳಗೆ ಸೇರಿದ ಜಿಪ್ಸಮ್ ಪುಡಿ ಆ ತೇವವನ್ನು ಹೀರಿ ಗಾಳಿಸೀಳುಗಳಲ್ಲಿ ಪದರಗಟ್ಟುತ್ತದೆ, ಕಾಲೆಟ್ಟಿನ ಬಾಯಲ್ಲಿ ತುಕ್ಕಿನ ಜೊತೆ ಸೇರಿ ಬಿಟ್ಟನ್ನೇ ಕಚ್ಚಿಹಿಡಿಯುತ್ತದೆ. ತೊಳೆಯಬಹುದಾದ ಜಾಳಿಗೆಯನ್ನು ವರವೆಂದದ್ದು ಇದಕ್ಕಾಗಿ. ಉಳ್ಳಾಲ, ಮಲ್ಪೆಯಂಥ ಕಡಲ ದಡದ ಮನೆಗಳಲ್ಲಿ ಬ್ಯಾಟರಿಯ ಹಿತ್ತಾಳೆಬಣ್ಣದ ತುದಿಗಳೂ ಮಂಕಾಗುತ್ತವೆ. ಕೆಲಸವಾದ ಮೇಲೆ ಬಿಟ್ ತೆಗೆದು, ಒಣ ಬ್ರಷ್ಷಿನಿಂದ ಗುಡಿಸಿ, ಕಾಲೆಟ್ಟಿಗೆ ಒಂದು ಹನಿ ಮೆಷಿನ್ ಎಣ್ಣೆ ಒರೆಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಬ್ಯಾಟರಿಯನ್ನು ಯಂತ್ರದಿಂದ ಕಳಚಿ, ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಬೇಕು; ಎಪ್ರಿಲ್, ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅಲ್ಲ.

ಎಂಟನೆಯ ಹೆಜ್ಜೆ: ತೀರ್ಮಾನ

ಮನೆಯಲ್ಲಿ ಈಗಾಗಲೇ ಯಾವುದಾದರೂ ಕಂಪನಿಯ 18 ವೋಲ್ಟಿನ ಬ್ಯಾಟರಿ ಡ್ರಿಲ್ ಇದ್ದರೆ, ಅದೇ ಬ್ಯಾಟರಿ ಹೊಂದುವ ಕಟ್ಟರನ್ನು ಬರಿಯ ಯಂತ್ರವಾಗಿ ಕೊಳ್ಳುವುದೇ ಲಾಭ. ಬ್ಯಾಟರಿ, ಚಾರ್ಜರ್ ಸೇರಿದಾಗಲೇ ಬೆಲೆ ಏರುವುದು. ಬೇರೆ ಕಂಪನಿಯ ಬ್ಯಾಟರಿಯನ್ನು ಮಧ್ಯದಲ್ಲೊಂದು ತುಂಡು ಹಾಕಿ ಹೊಂದಿಸಿಕೊಡುತ್ತೇವೆಂಬ ಮಾತಿಗೆ ಒಪ್ಪಬೇಡಿ. ಬ್ಯಾಟರಿಯೇ ಇಲ್ಲದವರಿಗೆ, ಪಾರ್ಟಿಷನ್ನಿಗಿಂತ ಬಾಗಿಲು, ಕಿಟಕಿ, ಪೈಪುಗಳ ಕೆಲಸ ಹೆಚ್ಚಿರುವವರಿಗೆ, ಕಟ್ಔಟ್ ಕಟ್ಟರಿಗಿಂತ ಮಲ್ಟಿಟೂಲೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕಾರು ಕೋಣೆಗಳ ಸೀಲಿಂಗನ್ನು ಸ್ವತಃ ಮಾಡುವವರು, ಅಥವಾ ಬಾಡಿಗೆಯ ಮನೆಗಳನ್ನು ವರ್ಷವರ್ಷವೂ ದುರಸ್ತಿ ಮಾಡಿಸುವವರು ಮಾತ್ರ ಸುರುಳಿ ಬಿಟ್ಟಿನ ಯಂತ್ರಕ್ಕೆ ಹಣ ಹಾಕಲಿ.

ಕೊಳ್ಳುವ ದಿನವೇ ಬಿಟ್ಟುಗಳನ್ನೂ ಹೆಚ್ಚಿಗೆ ಕೊಂಡುಬಿಡಿ, ಕಾಲೆಟ್ಟಿನ ಅಳತೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಯಂತ್ರದ ಮತ್ತು ಬ್ಯಾಟರಿಯ ಕ್ರಮಸಂಖ್ಯೆಗಳನ್ನು ಬೇರೆಬೇರೆಯಾಗಿ ನಮೂದಿಸುವಂತೆ ಅಂಗಡಿಯವರಲ್ಲಿ ಹೇಳಿ. ಎರಡರ ವಾರಂಟಿಯ ಅವಧಿ ಒಂದೇ ಆಗಿರಬೇಕೆಂದಿಲ್ಲ. ಹೆಚ್ಚಿನ ಬಿಲ್ಲುಗಳು ಅಚ್ಚಾಗುವುದು ಮಾಸುವ ಕಾಗದದಲ್ಲಾದ್ದರಿಂದ ಅದರ ಫೋಟೋ ಒಂದನ್ನು ಅಂದೇ ತೆಗೆದಿಟ್ಟುಕೊಳ್ಳಿ.